ನೆಲ ಬಿಟ್ಟು ನೀರು ಮುಟ್ಟುವ ಆ ಒಂದು ನಿಮಿಷ

ಓದುಗರ ಪ್ರಶ್ನೆಗಳು, ಅಂಕಣಕಾರರ ಉತ್ತರಗಳು

ಎರಡು ತಿಂಗಳ ಹಿಂದೆ ಓದುಗರೊಬ್ಬರು, ಕಬ್ಬಿಣದ ಮೊಳೆ ಮುಳುಗುತ್ತದೆ, ಕಬ್ಬಿಣದ ಹಡಗು ಹೇಗೆ ತೇಲುತ್ತದೆ ಎಂದು ಕೇಳಿದ್ದರು. ಅದಕ್ಕೆ ಉತ್ತರಿಸುತ್ತ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕೆಲವು ಹಡಗುಗಳು ಕಡಲನ್ನು ಕಾಣುವ ಮೊದಲೇ, ನೀರಿಗಿಳಿಸುವ ಗಳಿಗೆಯಲ್ಲೇ ಜನರನ್ನು ಬಲಿ ತೆಗೆದುಕೊಂಡವು ಎಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲನ್ನು ಹಿಡಿದುಕೊಂಡು ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದಲೇ ಇಷ್ಟೊಂದು ಪತ್ರಗಳು ಬರುತ್ತವೆಂದು ನಾನು ಎಣಿಸಿರಲಿಲ್ಲ. ಸಮುದ್ರ ನೋಡಬೇಕಾದರೆ ಘಟ್ಟ ಇಳಿಯಬೇಕಾದ ಸೀಮೆ ನಮ್ಮದು. ದಾವಣಗೆರೆಯಲ್ಲಿ ಕುಳಿತು ಬರೆಯುವ ನನಗೂ ಹಡಗೆಂಬುದು ದೂರದ ನೆಂಟ. ಆದರೂ ಬಂದ ಪ್ರಶ್ನೆಗಳು ಚುರುಕಾಗಿವೆ. ಒಂದೇ ವಿಷಯದ ಪತ್ರಗಳಾದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಸಾವಿರಾರು ಟನ್ ತೂಕದ ಹಡಗನ್ನು ನೆಲದ ಮೇಲೆ ಕಟ್ಟಿ ಆಮೇಲೆ ನೀರಿಗೆ ನೂಕುತ್ತಿದ್ದರು ಎಂದು ಬರೆದಿದ್ದೀರಿ. ಅಷ್ಟು ತೂಕವನ್ನು ನೂಕಿದವರು ಯಾರು? ಆನೆಗಳೇ, ಯಂತ್ರಗಳೇ? (ಚಿತ್ರದುರ್ಗದ ಪದವಿ ವಿದ್ಯಾರ್ಥಿನಿ)

ಉತ್ತರ: ಯಾರೂ ನೂಕುತ್ತಿರಲಿಲ್ಲ. ಅದು ತಾನಾಗಿಯೇ ಜಾರುತ್ತಿತ್ತು. ನಿಜವಾದ ಕಷ್ಟವಿದ್ದುದು ಅದನ್ನು ಹೇಳಿದ ಹೊತ್ತಿನವರೆಗೆ ಜಾರದಂತೆ ಹಿಡಿದು ನಿಲ್ಲಿಸುವುದರಲ್ಲಿ. ನಿಮ್ಮೂರಿನ ಕೋಟೆಯ ಬಂಡೆಗಳ ಮೇಲೆ ಜಾರುಬಂಡೆ ಆಡದೆ ಬೆಳೆದವರು ಇರಲಾರರು. ಬಂಡೆಯ ಇಳಿಜಾರು ಒಂದು ಮಿತಿಯನ್ನು ದಾಟಿದರೆ ಕುಳಿತವನನ್ನು ಯಾರೂ ತಳ್ಳಬೇಕಾಗಿಲ್ಲ. ಹಡಗುಕಟ್ಟೆಯವರು ನಂಬಿದ್ದು ಇದನ್ನೇ. ನದಿಯ ದಡದಲ್ಲಿ ನೀರಿನತ್ತ ಸ್ವಲ್ಪ ಇಳಿಜಾರಾಗಿ, ಹೆಚ್ಚುಕಡಿಮೆ ಇಪ್ಪತ್ತು ಅಡಿಗೆ ಒಂದು ಅಡಿಯಂತೆ, ನೆಲವನ್ನು ಹದ ಮಾಡಿ, ಅದರ ಮೇಲೆ ಮರದ ದಿಮ್ಮಿಗಳನ್ನು ಸಾಲಾಗಿ ಪೇರಿಸಿ, ಹಡಗಿನ ಬೆನ್ನೆಲುಬಾದ ಕೀಲ್ ಎಂಬ ಭಾಗವನ್ನು ಆ ದಿಮ್ಮಿಗಳ ಮೇಲೆ ಮೊದಲು ಇಡುತ್ತಿದ್ದರು. ಉಳಿದ ಒಡಲು ತಿಂಗಳುಗಟ್ಟಲೆ ಅದರ ಮೇಲೆ ಬೆಳೆಯುತ್ತಿತ್ತು. ಹಡಗಿನ ಹಿಂಬದಿ ನೀರಿನ ಕಡೆಗೆ, ಮೂತಿ ದಡದ ಕಡೆಗೆ ಇರುವುದು ವಾಡಿಕೆ.

ಒಡಲು ಸಿದ್ಧವಾದ ಮೇಲೆ ಅದರ ಎರಡೂ ಪಕ್ಕದಲ್ಲಿ ಉದ್ದಕ್ಕೆ ಎರಡು ಮರದ ಜಾರುದಾರಿಗಳನ್ನು ಹಾಸಿ, ಅವುಗಳ ಮೇಲೆ ಕರಗಿಸಿದ ಪ್ರಾಣಿಕೊಬ್ಬನ್ನು ದಪ್ಪಗೆ ಎರೆದು, ಅದರ ಮೇಲೆ ಎಣ್ಣೆಯನ್ನೂ ಮೆದುಸಾಬೂನನ್ನೂ ಬಳಿಯುತ್ತಿದ್ದರು. ಈ ಹಾಸಿನ ಮೇಲೆ ಒಂದು ಮರದ ಚೌಕಟ್ಟು ಕೂರುತ್ತಿತ್ತು. ಇಂಗ್ಲಿಷಿನವರು ಅದನ್ನು ಕ್ರೇಡಲ್, ಅಂದರೆ ತೊಟ್ಟಿಲು ಎಂದೇ ಕರೆದರು. ಆಮೇಲಿನ ಕೆಲಸವೇ ನೋಡತಕ್ಕದ್ದು. ನೂರಾರು ಮಂದಿ ಹಡಗಿನ ಎರಡು ಬದಿಗಳಲ್ಲಿ ಸಾಲಾಗಿ ನಿಂತು, ತೊಟ್ಟಿಲಿನ ಸಂದುಗಳಲ್ಲಿ ಇಟ್ಟ ಬೆಣೆಗಳನ್ನು ಒಂದೇ ಲಯದಲ್ಲಿ ಸುತ್ತಿಗೆಯಿಂದ ಬಡಿಯುತ್ತ ಹೋದಂತೆ, ಅಷ್ಟು ದಿನ ಕೆಳಗಿನ ದಿಮ್ಮಿಗಳ ಮೇಲಿದ್ದ ಭಾರ ಕೂದಲೆಳೆಯಷ್ಟು ಮೇಲೆದ್ದು ತೊಟ್ಟಿಲಿಗೆ ವರ್ಗವಾಗುತ್ತಿತ್ತು. ಬಳಿಕ ದಿಮ್ಮಿಗಳನ್ನೂ ಪಕ್ಕದ ಆಸರೆ ಕಂಬಗಳನ್ನೂ ಒಂದೊಂದಾಗಿ ಬಿಡಿಸುತ್ತ ಬಂದು, ಕೊನೆಗೆ ಎರಡೇ ಎರಡು ಗಟ್ಟಿ ತಡೆಮರಗಳನ್ನು ಉಳಿಸುತ್ತಿದ್ದರು. ನಾಯಕನಹಟ್ಟಿಯ ಜಾತ್ರೆಯಲ್ಲಿ ತೇರಿನ ಗಾಲಿಗೆ ಮರದ ತುಂಡು ಕೊಟ್ಟು ನಿಲ್ಲಿಸುವವರನ್ನು ನೀವು ನೋಡಿರಬಹುದು. ಮಿಣಿ ಹಿಡಿದು ಎಳೆಯುವವರಿಗಿಂತ ಆ ತುಂಡು ಹಿಡಿದವನ ಜವಾಬ್ದಾರಿಯೇ ದೊಡ್ಡದು. ಇಲ್ಲಿಯೂ ಹಾಗೆಯೇ. ಆರು ಸಾವಿರ ಟನ್ ತೂಕದ ಒಡಲು ಇಪ್ಪತ್ತಕ್ಕೆ ಒಂದರ ಇಳಿಜಾರಿನಲ್ಲಿ ಕುಳಿತಿದ್ದರೆ ಅದು ಕೆಳಮುಖವಾಗಿ ಜಗ್ಗುವ ಬಲ 300 ಟನ್ ತೂಕಕ್ಕೆ ಸಮ. ಜಾರುದಾರಿಯ ಘರ್ಷಣೆ ಅದರಲ್ಲಿ ಒಂದು ಪಾಲನ್ನು ತಿಂದುಹಾಕುತ್ತದೆ. ಮಿಕ್ಕದ್ದನ್ನು ತಡೆದು ನಿಂತಿರುವುದು ಆ ಎರಡು ಮರಗಳು. ಸಮಾರಂಭದ ಅತಿಥಿ ಹಗ್ಗ ಕತ್ತರಿಸಿದೊಡನೆ ಮೇಲಿನಿಂದ ಭಾರದ ಗುಂಡು ಬಿದ್ದು ತಡೆಮರಗಳನ್ನು ಕೆಡವುತ್ತಿತ್ತು, ಹಡಗು ಹೊರಡುತ್ತಿತ್ತು. ಶತಮಾನ ಮುಗಿಯುವ ಹೊತ್ತಿಗೆ ಈ ಕೆಲಸಕ್ಕೆ ನೀರೊತ್ತಡದಿಂದ ನಡೆಯುವ ಹೈಡ್ರಾಲಿಕ್ ಸಾಧನಗಳೂ ಬಂದವು.

ಮುಹೂರ್ತವಿಲ್ಲದೆ ಅವರೂ ಹಡಗು ಬಿಡುತ್ತಿರಲಿಲ್ಲ. ಅವರ ಪಂಚಾಂಗವೆಂದರೆ ಉಬ್ಬರವಿಳಿತದ ಪಟ್ಟಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಅತಿ ಎತ್ತರವಾಗಿರುತ್ತದೆ. ಜಾರುದಾರಿಯ ತುದಿಯ ಮೇಲೆ ಸಾಕಷ್ಟು ನೀರು ನಿಲ್ಲುವುದು ಆಗಲೇ. ನೀರು ಕಡಿಮೆಯಿದ್ದರೆ ಏನಾಗುತ್ತದೆಂದು ಊಹಿಸಿ: ಹಡಗಿನ ಹಿಂಬದಿ ದಾರಿಯ ತುದಿಯನ್ನು ದಾಟಿ ಮುಂದೆ ಚಾಚಿಕೊಂಡಿದೆ, ಆದರೆ ಅದನ್ನು ಎತ್ತಿಹಿಡಿಯುವಷ್ಟು ನೀರು ಕೆಳಗಿಲ್ಲ. ಆಗ ಏತದ ಮರದಂತೆ ಹಿಂಬದಿ ಕೆಳಗೆ ಕುಸಿದು ಮೂತಿ ಮೇಲೇಳುತ್ತದೆ, ದಾರಿಯ ತುದಿಗೆ ತಾಗಿದ ಜಾಗದಲ್ಲಿ ಒಡಲು ನಜ್ಜುಗುಜ್ಜಾಗುತ್ತದೆ. ನೀರು ಸಾಕಷ್ಟಿದ್ದರೂ ಅಪಾಯ ತಪ್ಪುವುದಿಲ್ಲ, ರೂಪ ಬದಲಾಗುತ್ತದೆ ಅಷ್ಟೆ. ಹಿಂಬದಿ ತೇಲತೊಡಗಿದ ಕ್ಷಣದಲ್ಲಿ ನೆಲದ ಮೇಲೆ ಉಳಿದ ಭಾರವೆಲ್ಲ ಮೂತಿಯ ಕೆಳಗಿನ ತೊಟ್ಟಿಲಿನ ಒಂದು ತುಣುಕಿನ ಮೇಲೆ ಬೀಳುತ್ತದೆ. ಅದು ತಾಳದಿದ್ದರೆ ಪುಡಿಯಾಗುತ್ತದೆ. ಆದ್ದರಿಂದ ಒಳ್ಳೆಯ ಹಡಗುಕಟ್ಟೆಯ ನಕ್ಷೆಕೋಣೆಯಲ್ಲಿ, ಹಡಗು ಕೆಲವು ಅಡಿ ಜಾರಿದಾಗಲೆಲ್ಲ ತೂಕವೆಷ್ಟು, ನೀರು ಎತ್ತಿಹಿಡಿಯುವ ಬಲವೆಷ್ಟು ಎಂದು ಲೆಕ್ಕ ಹಾಕಿ ವಕ್ರರೇಖೆಗಳನ್ನು ಎಳೆದಿಡುತ್ತಿದ್ದರು. ದಡದಲ್ಲಿ ವಾದ್ಯ ನುಡಿಸುವವರಿಗೆ ಆ ಕಾಗದದ ಸುದ್ದಿ ಗೊತ್ತಿರುತ್ತಿರಲಿಲ್ಲ. ನನ್ನ ದೃಷ್ಟಿಯಲ್ಲಿ ಆ ದಿನದ ನಿಜವಾದ ಪೂಜೆ ಆ ಕಾಗದದ ಮೇಲೆ ನಡೆದಿರುತ್ತಿತ್ತು.

ಎದುರು ದಡ ಹತ್ತಿರವಿದ್ದರೆ ಹೊರಟ ಹಡಗನ್ನು ನಿಲ್ಲಿಸುವುದೂ ಒಂದು ಸಮಸ್ಯೆ. ಸ್ಕಾಟ್ಲೆಂಡಿನ ಕ್ಲೈಡ್ ನದಿ ಅಂಥ ಇಕ್ಕಟ್ಟಿನ ನದಿ. ಅಲ್ಲಿ ರಾಶಿರಾಶಿ ಭಾರದ ಸರಪಳಿಗಳನ್ನು ಹಡಗಿಗೆ ಕಟ್ಟಿ, ಅದು ಅವುಗಳನ್ನು ಎಳೆದಾಡಿಕೊಂಡು ಹೋಗುತ್ತ ದಣಿದು ನಿಲ್ಲುವಂತೆ ಮಾಡುತ್ತಿದ್ದರು. ಕ್ಲೈಡ್‌ಬ್ಯಾಂಕಿನ ಥಾಮ್ಸನ್ ಸಹೋದರರು ಇನ್ನೂ ಜಾಣರು: 1871ರಲ್ಲಿ ತಮ್ಮ ಹೊಸ ಹಡಗುಕಟ್ಟೆಗೆ ಕಾರ್ಟ್ ಎಂಬ ಉಪನದಿ ಕ್ಲೈಡ್ ಅನ್ನು ಸೇರುವ ಜಾಗದ ಎದುರಿನ ದಡವನ್ನೇ ಆರಿಸಿಕೊಂಡು, ಉದ್ದನೆಯ ಹಡಗುಗಳನ್ನು ಓರೆಯಾಗಿ ಆ ಉಪನದಿಯ ಬಾಯಿಗೆ ಬಿಡುವ ಅನುಕೂಲ ಮಾಡಿಕೊಂಡರು.

ಪ್ರಶ್ನೆ: ಎಲ್ಲ ಸಿದ್ಧತೆ ಮಾಡಿದ ಮೇಲೂ ಹಡಗು ಕದಲದೆ ನಿಂತದ್ದುಂಟೇ? (ಚಳ್ಳಕೆರೆಯ ವ್ಯಾಪಾರಿ)

ಉತ್ತರ: ಉಂಟು. ಬಹಳ ಪ್ರಸಿದ್ಧವಾದದ್ದು ಬ್ರುನೆಲ್ ಎಂಬ ಎಂಜಿನಿಯರ್ ಲಂಡನ್ನಿನ ಥೇಮ್ಸ್ ದಡದ ಮಿಲ್‌ವಾಲ್‌ನಲ್ಲಿ ಕಟ್ಟಿಸಿದ ಗ್ರೇಟ್ ಈಸ್ಟರ್ನ್. ಅದರ ಉದ್ದ 692 ಅಡಿ. ಅಷ್ಟುದ್ದದ ಹಡಗನ್ನು ಹಿಂಬದಿಯಿಂದ ಬಿಡಲು ಅಲ್ಲಿ ನದಿಯ ಅಗಲ ಸಾಲದು. ಆದ್ದರಿಂದ ಅಡ್ಡಡ್ಡಲಾಗಿ ಇಳಿಸಲು ಹೊರಟರು. ಕೊಬ್ಬು ಬಳಿದ ಮರದ ಮೇಲೆ ಮರ ಜಾರುವ ಹಳೆಯ ಪದ್ಧತಿಯನ್ನು ಬಿಟ್ಟು ಬ್ರುನೆಲ್ ಕಬ್ಬಿಣದ ಮೇಲೆ ಕಬ್ಬಿಣ ಜಾರುವ ಏರ್ಪಾಡು ಮಾಡಿದ್ದ. 1857ರ ನವೆಂಬರ್ 3ರಂದು ಸದ್ದುಗದ್ದಲವಿಲ್ಲದೆ ಕೆಲಸ ಮುಗಿಸಬೇಕೆಂಬುದು ಅವನ ಇಚ್ಛೆಯಾಗಿದ್ದರೆ, ಕಂಪನಿಯವರು ಟಿಕೆಟ್ ಮಾರಿ ಸಾವಿರಾರು ಜನರನ್ನು ಸೇರಿಸಿದರು. ಹಡಗು ಕೆಲವೇ ಅಡಿ ಕದಲಿತು. ಅಷ್ಟರಲ್ಲಿ ಸರಪಳಿ ಸುತ್ತಿದ ರಾಟೆಯ ಹಿಡಿಕೆಗಳು ಹಿಮ್ಮುಖವಾಗಿ ತಿರುಗಿ ಕೆಲಸಗಾರರನ್ನು ಎತ್ತಿ ಎಸೆದವು, ಸಾವೂ ಸಂಭವಿಸಿತು. ಆಮೇಲೆ ಹೈಡ್ರಾಲಿಕ್ ಜಾಕುಗಳಿಂದ ಇಂಚಿಂಚಾಗಿ ನೂಕುತ್ತ, ಸರಪಳಿ ಕಡಿದಂತೆಲ್ಲ ಹೊಸದನ್ನು ಕಟ್ಟುತ್ತ, 1858ರ ಜನವರಿ 31ರಂದು ಅದು ತೇಲಿತು. ಮೂರು ತಿಂಗಳ ಜಾತ್ರೆ!

ಇನ್ನೊಂದು ವಾರಿಯರ್ ಎಂಬ ಕಬ್ಬಿಣದ ಯುದ್ಧನೌಕೆ. 1860ರ ಡಿಸೆಂಬರ್ 29ರಂದು ಅದನ್ನು ಬಿಡಬೇಕು, ಆದರೆ ಆ ವರ್ಷದ ಕಡುಚಳಿಗೆ ಅದು ಜಾರುದಾರಿಗೇ ಹೆಪ್ಪುಗಟ್ಟಿಕೊಂಡು ಕುಳಿತಿತ್ತು. ಕೊನೆಗೆ ಎಳೆದೋಣಿಗಳನ್ನು ಕಟ್ಟಿ, ಮೇಲಿನ ಅಟ್ಟದಲ್ಲಿ ಕೆಲಸಗಾರರನ್ನು ಆ ಬದಿಯಿಂದ ಈ ಬದಿಗೆ ಓಡಾಡಿಸಿ, ಹಡಗನ್ನು ತೂಗಾಡಿಸಿ ಬಿಡಿಸಬೇಕಾಯಿತು.

ಪ್ರಶ್ನೆ: ನಾನು ನಲವತ್ತು ವರ್ಷ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವನು. ವೆಲ್ಡಿಂಗ್ ಇಲ್ಲದ ಕಾಲದಲ್ಲಿ ನೀರು ಸೋರದ ಹಾಗೆ ಹಡಗಿನ ತಗಡುಗಳನ್ನು ಹೇಗೆ ಕೂಡಿಸಿದರು? (ದಾವಣಗೆರೆ)

ಉತ್ತರ: ತಮಗೆ ನಾನು ಹೇಳಿಕೊಡುವುದು ಉದ್ಧಟತನವಾದೀತು, ಆದರೂ ಉಳಿದ ಓದುಗರಿಗಾಗಿ ಬರೆಯುತ್ತೇನೆ. ರಿವೆಟ್ಟುಗಳಿಂದ ಕೂಡಿಸಿದರು. ಹಳೆಯ ರೈಲು ಸೇತುವೆಗಳ ತೊಲೆಗಳಲ್ಲಿ ಸಾಲಾಗಿ ಕಾಣುವ ಅರ್ಧಗೋಲದ ತಲೆಗಳು ಇವೇ. ಇಂಥವು ಗ್ರೇಟ್ ಈಸ್ಟರ್ನ್ ಒಂದಕ್ಕೇ ಸುಮಾರು 30 ಲಕ್ಷ ಬೇಕಾದವು, ಹೊಂದಿಸಿದ ತಗಡುಗಳು 30,000.

ರಿವೆಟ್ ಹೊಡೆಯುವುದು ಒಬ್ಬನ ಕೆಲಸವಲ್ಲ, ಒಂದು ಮೇಳದ ಕೆಲಸ. ಒಬ್ಬ ಹುಡುಗ ತಿದಿಯೊತ್ತುತ್ತ ಸಣ್ಣ ಕುಲುಮೆಯಲ್ಲಿ ರಿವೆಟ್ಟುಗಳನ್ನು ಕಾಯಿಸುತ್ತಾನೆ. ಕೆಂಡದಂತೆ ಕೆಂಪಗಾದದ್ದನ್ನು ಇಕ್ಕಳದಿಂದ ಹಿಡಿದು ಎಸೆದರೆ ಇನ್ನೊಬ್ಬ ಹುಡುಗ ಅದನ್ನು ಹಿಡಿದು, ಒಂದರ ಮೇಲೊಂದು ಬಂದ ಎರಡು ತಗಡುಗಳ ತೂತಿಗೆ ತೂರಿಸುತ್ತಾನೆ. ಒಳಗಿನಿಂದ ಒಬ್ಬ ಭಾರದ ಸುತ್ತಿಗೆಯನ್ನು ರಿವೆಟ್ಟಿನ ತಲೆಗೆ ಒತ್ತಿ ಹಿಡಿದಿರುತ್ತಾನೆ. ಹೊರಗಿನಿಂದ ಇಬ್ಬರು, ಒಬ್ಬ ಬಲಗೈಯವನು, ಒಬ್ಬ ಎಡಗೈಯವನು, ಒಂದಾದ ಮೇಲೊಂದರಂತೆ ಪೆಟ್ಟು ಹಾಕಿ ಅದರ ಬಾಲವನ್ನು ಹರಡುತ್ತಾರೆ. ಎಲ್ಲವೂ ಬಣ್ಣ ಆರುವುದರೊಳಗೆ ಮುಗಿಯಬೇಕು. ರಿವೆಟ್ ತಣ್ಣಗಾಗುತ್ತ ಕುಗ್ಗುತ್ತದೆ, ಕುಗ್ಗುತ್ತ ಎರಡೂ ತಗಡುಗಳನ್ನು ಒಂದಕ್ಕೊಂದು ಬಿಗಿದು ಎಳೆಯುತ್ತದೆ; ಎತ್ತಿನಗಾಡಿಯ ಗಾಲಿಗೆ ಕಾಯಿಸಿದ ಪಟ್ಟಾ ಹಾಕಿ ನೀರೆರೆಯುವ ಕಮ್ಮಾರನೂ ನಂಬುವುದು ಇದೇ ಗುಣವನ್ನು. ಆಮೇಲೆ ತಗಡಿನ ಅಂಚನ್ನು ಮೊಂಡ ಉಳಿಯಿಂದ ಹೊಡೆದು ಕೆಳಗಿನ ತಗಡಿಗೆ ಒತ್ತಿ ಸಂದು ಮುಚ್ಚಿದರೆ ನೀರು ಒಳಗೆ ಬರದು. ಕೂಲಿ ಎಣಿಕೆಯ ಮೇಲೆ. ಹೊಡೆದಷ್ಟು ರಿವೆಟ್ಟಿಗೆ ಅಷ್ಟು ಕಾಸು.

ತಾವು ಮಗ್ಗಗಳ ಸದ್ದಿನಲ್ಲಿ ಬಾಳಿದವರಾದ್ದರಿಂದ ಇನ್ನೊಂದು ಮಾತು ತಮಗೆ ತಕ್ಷಣ ಅರ್ಥವಾದೀತು. ಥಾಮಸ್ ಬಾರ್ ಎಂಬ ಗ್ಲಾಸ್ಗೋದ ಕಿವಿವೈದ್ಯರು 1886ರಲ್ಲಿ ಇಂಥದೇ ಸದ್ದಿನಲ್ಲಿ ದುಡಿಯುತ್ತಿದ್ದ ನೂರು ಮಂದಿ ಬಾಯ್ಲರ್ ಕೆಲಸಗಾರರ ಕಿವಿಗಳನ್ನು ಪರೀಕ್ಷಿಸಿದಾಗ, ಸರಿಯಾಗಿ ಕೇಳಿಸುವವನು ಒಬ್ಬನೂ ಸಿಗಲಿಲ್ಲ.

ಈ ಅವಧಿಯಲ್ಲೇ ಕಬ್ಬಿಣದ ಜಾಗಕ್ಕೆ ಉಕ್ಕು ಬಂತು. 1877ರಲ್ಲಿ ಹಡಗುಗಳ ಗುಣಮಟ್ಟ ನೋಡುವ ಲಾಯ್ಡ್ಸ್ ರಿಜಿಸ್ಟರ್ ಸಂಸ್ಥೆ ಉಕ್ಕಿನ ತಗಡನ್ನು ಕಬ್ಬಿಣಕ್ಕಿಂತ ಐದನೆಯ ಒಂದು ಪಾಲು ತೆಳ್ಳಗೆ ಮಾಡಬಹುದೆಂದು ಒಪ್ಪಿತು. 1879ರಲ್ಲಿ ಡಂಬಾರ್ಟನ್ನಿನ ಡೆನ್ನಿ ಕಂಪನಿ ರೊಟೊಮಹಾನ ಎಂಬ ಉಕ್ಕಿನ ಹಡಗನ್ನು ಬಿಟ್ಟಿತು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಕಬ್ಬಿಣದ ಹಡಗು ಕಟ್ಟುವುದೇ ನಿಂತಂತಾಯಿತು. ರಿವೆಟ್ಟಿನ ಮೇಳ ಮಾತ್ರ ಹಾಗೆಯೇ ಉಳಿಯಿತು.

ಪ್ರಶ್ನೆ: ತೇಲುವುದಕ್ಕೆಂದೇ ಕಟ್ಟಿದ ಹಡಗು, ಗಾಳಿಯಿಲ್ಲ, ಅಲೆಯಿಲ್ಲ, ದಡದ ಪಕ್ಕದಲ್ಲೇ ಮಗುಚುವುದು ಹೇಗೆ ಸಾಧ್ಯ? (ಹೊಳಲ್ಕೆರೆಯ ಶಿಕ್ಷಕಿ)

ಉತ್ತರ: ನಾನು ಆ ಸಾಲು ಬರೆದಾಗ ಮನಸ್ಸಿನಲ್ಲಿದ್ದುದು ಡ್ಯಾಫ್ನಿ ಎಂಬ ಸಣ್ಣ ಉಗಿಹಡಗು. ಸುಮಾರು 500 ಟನ್ನಿನದು, ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ನಡುವೆ ಓಡಾಡಲು ಕಟ್ಟಿದ್ದು. ಗ್ಲಾಸ್ಗೋದ ಲಿಂಟ್‌ಹೌಸ್‌ನಲ್ಲಿದ್ದ ಅಲೆಕ್ಸಾಂಡರ್ ಸ್ಟೀಫನ್ ಅವರ ಹಡಗುಕಟ್ಟೆಯಿಂದ 1883ರ ಜುಲೈ 3ರಂದು ಕ್ಲೈಡ್ ನದಿಗೆ ಜಾರಿತು. ಊರಿನ ಜುಲೈ ರಜೆ ಸಮೀಪಿಸಿತ್ತು, ಕೆಲಸ ಬೇಗ ಮುಗಿಯಬೇಕೆಂಬ ಆತುರ. ಹೀಗಾಗಿ ನೀರಿಗಿಳಿದ ಕೂಡಲೇ ಒಳಗಿನ ಕೆಲಸ ಮುಂದುವರಿಸಲು ಬಡಗಿಗಳು, ಕೊಳಾಯಿ ಕೆಲಸದವರು, ಕಲಿಯುವ ಹುಡುಗರು ಎಲ್ಲ ಸೇರಿ ಸುಮಾರು 200 ಮಂದಿ ಹಡಗಿನೊಳಗೇ ಇದ್ದರು. ಹಡಗು ಸರಾಗವಾಗಿ ಜಾರಿ ನೀರಿಗೆ ಬಂತು, ಒಂದು ಬದಿಗೆ ವಾಲಿತು, ವಾಲಿದ್ದು ಮತ್ತೆ ಏಳಲಿಲ್ಲ. ಕೆಲವೇ ನಿಮಿಷಗಳಲ್ಲಿ ಮುಳುಗಿತು. ಸತ್ತವರು 124 ಮಂದಿ.

ಏಕೆ ಹಾಗಾಯಿತೆಂಬುದನ್ನು ತಾವು ತರಗತಿಯಲ್ಲೇ ತೋರಿಸಬಹುದು. ಈ ಉತ್ತರ ಬರೆಯುವ ಮುನ್ನ ನಮ್ಮ ಹಿತ್ತಲಿನ ನೀರಿನ ತೊಟ್ಟಿಯಲ್ಲಿ ನಾನೂ ಮಾಡಿ ನೋಡಿದೆ. ಎತ್ತರದ ಸ್ಟೀಲ್ ಲೋಟವೊಂದನ್ನು ಖಾಲಿಯಾಗಿ ನೀರಿನ ಮೇಲೆ ನೆಟ್ಟಗೆ ನಿಲ್ಲಿಸಲು ಹೋದರೆ, ಬೆರಳು ಬಿಟ್ಟೊಡನೆ ಅದು ಪಕ್ಕಕ್ಕೆ ಮಲಗಿ, ಬಾಯೊಳಗೆ ನೀರು ತುಂಬಿಕೊಂಡು ತಳಕ್ಕೆ ಹೋಗುತ್ತದೆ. ಅದೇ ಲೋಟದ ತಳಕ್ಕೆ ಎರಡು ಬೆರಳಷ್ಟು ಮರಳು ಹಾಕಿ ಬಿಟ್ಟರೆ, ಮೊದಲಿಗಿಂತ ಹೆಚ್ಚು ತೂಕವಾಗಿದ್ದರೂ ನೆಟ್ಟಗೆ ನಿಲ್ಲುತ್ತದೆ, ಬೆರಳಿನಿಂದ ವಾಲಿಸಿದರೂ ತೂಗಾಡಿ ಮತ್ತೆ ಎದ್ದು ನಿಲ್ಲುತ್ತದೆ. ವಸ್ತು ತೇಲುತ್ತದೆಯೇ ಎಂಬುದು ಒಂದು ಪ್ರಶ್ನೆ, ನೆಟ್ಟಗೆ ತೇಲುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಹಡಗು ವಾಲಿದಾಗ ಅದು ಮುಳುಗಿದ ಬದಿಯಲ್ಲಿ ನೀರಿನ ಎತ್ತುವ ಬಲ ಆ ಕಡೆಗೇ ಸರಿದು ಅದನ್ನು ನೆಟ್ಟಗೆ ನಿಲ್ಲಿಸಲು ನೋಡುತ್ತದೆ. ಆದರೆ ತೂಕವೆಲ್ಲ ಮೇಲ್ಭಾಗದಲ್ಲೇ ಇದ್ದರೆ ಆ ಬಲ ಸಾಲುವುದಿಲ್ಲ. ನೀರಿಗಿಳಿಯುವ ದಿನದ ಹಡಗು ಖಾಲಿ ಲೋಟವಿದ್ದಂತೆ: ತಳದಲ್ಲಿ ತುಂಬಬೇಕಾದ ಕಲ್ಲಿದ್ದಲು, ಸರಕು ಯಾವುದೂ ಇರುವುದಿಲ್ಲ, ಮೇಲಿನ ಅಟ್ಟಗಳು ಮಾತ್ರ ಎದ್ದು ನಿಂತಿರುತ್ತವೆ. ಡ್ಯಾಫ್ನಿಯಲ್ಲಿ ಇದರ ಜೊತೆಗೆ ಕಟ್ಟಿಹಾಕದ ಮರಮುಟ್ಟು, ಉಪಕರಣ, ಇನ್ನೂರು ಮಂದಿ ಜನ. ಹಡಗು ವಾಲಿದೊಡನೆ ಇವೆಲ್ಲ ವಾಲಿದ ಕಡೆಗೇ ಜಾರಿದವು.

ವಿಚಾರಣೆ ನಡೆಸಿದವರು ಬ್ರಿಟಿಷ್ ನೌಕಾಪಡೆಯ ಮಾಜಿ ಮುಖ್ಯ ನಿರ್ಮಾಣಾಧಿಕಾರಿ ಸರ್ ಎಡ್ವರ್ಡ್ ರೀಡ್. ಹಡಗಿನ ಆರಂಭದ ಸ್ಥಿರತೆ ತೀರ ಕಡಿಮೆಯಿತ್ತೆಂದು ಅವರು ಕಂಡುಕೊಂಡರು. ಕಟ್ಟಿದವರ ಮೇಲೆ ತಪ್ಪು ಹೊರಿಸಲಿಲ್ಲ. ಸ್ಥಿರತೆಯ ಗಣಿತ ಆಗಲೇ ಪುಸ್ತಕಗಳಲ್ಲಿತ್ತು, ಯುದ್ಧನೌಕೆಗಳಿಗೆ ಅದನ್ನು ಬಳಸುತ್ತಲೂ ಇದ್ದರು. ಇಂಥ ಸಣ್ಣ ಸರಕು ಹಡಗಿಗೆ ಖಾಲಿ ಸ್ಥಿತಿಯಲ್ಲಿ ಆ ಲೆಕ್ಕ ಮಾಡುವ ರೂಢಿ ಇರಲಿಲ್ಲ. ಆ ಬಳಿಕ ಲೆಕ್ಕ ಮಾಡದೆ ಹಡಗು ಬಿಡುವುದು ಕಡಿಮೆಯಾಯಿತು, ಇಳಿಸುವಾಗ ಒಳಗೆ ಅಗತ್ಯದ ಕೆಲವೇ ಮಂದಿ ಇರಬೇಕೆಂಬ ಕಟ್ಟಳೆ ಬಂತು. ರೂಢಿಯಿರಲಿಲ್ಲ ಎಂಬುದನ್ನು ತಪ್ಪಿಲ್ಲವೆಂಬುದಕ್ಕೆ ಕಾರಣವಾಗಿ ನಾನಂತೂ ಒಪ್ಪಲಾರೆ. ಸತ್ತವರ ಸ್ಮಾರಕಗಳು ಗೋವನ್‌ನ ಎಲ್ಡರ್ ಪಾರ್ಕಿನಲ್ಲೂ, ನದಿಯಾಚೆ ವೈಟಿಂಚ್‌ನ ವಿಕ್ಟೋರಿಯಾ ಪಾರ್ಕಿನಲ್ಲೂ ಇವೆ.

ಪ್ರಶ್ನೆ: ಹಡಗಿನ ಮೂತಿಗೆ ಬಾಟಲಿ ಒಡೆಯುವುದು ನಮ್ಮ ತೆಂಗಿನಕಾಯಿ ಒಡೆಯುವಂಥದೇ ಶಾಸ್ತ್ರವೇ? ಬಾಟಲಿ ಒಡೆಯದಿದ್ದರೆ ಅಪಶಕುನವೇ? (ಹರಿಹರ)

ಉತ್ತರ: ಶಾಸ್ತ್ರವೇ. ಮೊದಲು ಬೆಳ್ಳಿಯ ಬಟ್ಟಲಿನಲ್ಲಿ ವೈನ್ ಕುಡಿದು ಮಿಕ್ಕದ್ದನ್ನು ಹಡಗಿನ ಮೇಲೆ ಚೆಲ್ಲುವ ಪದ್ಧತಿಯಿತ್ತು. ಬಾಟಲಿ ಬಂದದ್ದು ಆಮೇಲೆ. ಬ್ರಿಟನ್ನಿನ ಯುದ್ಧನೌಕೆಗಳ ವಿಷಯದಲ್ಲಿ ಇದರ ಜೊತೆಗೆ ಕ್ರೈಸ್ತ ಪ್ರಾರ್ಥನೆಯೂ ಮರಳಿ ಸೇರಿದ್ದು 1875ರಲ್ಲಿ, ಅಲೆಕ್ಸಾಂಡ್ರಾ ಎಂಬ ನೌಕೆಯನ್ನು ಇಳಿಸುವಾಗ. ಇದಕ್ಕೆ ತದ್ವಿರುದ್ಧವಾಗಿ ವೈಟ್ ಸ್ಟಾರ್ ಕಂಪನಿಯವರು ಬಾಟಲಿ ಒಡೆಯುವ ಗೋಜಿಗೇ ಹೋಗುತ್ತಿರಲಿಲ್ಲ.

ಶಕುನದ ವಿಷಯಕ್ಕೆ ಬಂದರೆ, ನಂಬುವವರು ತಪ್ಪದೆ ಎತ್ತಿ ಹೇಳುವ ಉದಾಹರಣೆ ಆಲ್ಬಿಯನ್. 1898ರ ಜೂನ್ 21ರಂದು ಲಂಡನ್ನಿನ ಬ್ಲ್ಯಾಕ್‌ವಾಲ್‌ನಲ್ಲಿ ಥೇಮ್ಸ್ ಐರನ್‌ವರ್ಕ್ಸ್ ಕಂಪನಿ ಈ ಯುದ್ಧನೌಕೆಯನ್ನು ಇಳಿಸಿತು. ನೋಡಲು ಬಂದವರು ಸುಮಾರು 30,000 ಮಂದಿ. ಮುಂದೆ ರಾಣಿ ಮೇರಿಯಾದ ಯಾರ್ಕ್ ಡಚೆಸ್ ಮೂರು ಬಾರಿ ಪ್ರಯತ್ನಿಸಿದರೂ ಬಾಟಲಿ ಒಡೆಯಲಿಲ್ಲ. ಕೊನೆಗೆ ಹಗ್ಗ ಕತ್ತರಿಸಿಬಿಟ್ಟರು. ಹಡಗು ಜಾರಿತು. ಪಕ್ಕದ ಕಿರುಗಾಲುವೆಯ ಮೇಲೆ ಕೆಲಸಗಾರರ ಓಡಾಟಕ್ಕೆಂದು ಹಾಕಿದ ಮರದ ಸೇತುವೆಯೊಂದಿತ್ತು. ಅಲ್ಲಿ ನಿಲ್ಲಬಾರದೆಂಬ ಎಚ್ಚರಿಕೆಯಿದ್ದರೂ ಹಡಗು ಹತ್ತಿರದಿಂದ ಕಾಣುತ್ತದೆಂದು ನೂರಾರು ಜನ ಅದರ ಮೇಲೆ ಹತ್ತಿದ್ದರು. ಆರು ಸಾವಿರ ಟನ್ನಿನ ಒಡಲು ಒಮ್ಮೆಲೇ ನುಗ್ಗಿದಾಗ ಪಕ್ಕಕ್ಕೆ ತಳ್ಳಲ್ಪಟ್ಟ ನೀರು ಎಲ್ಲಿಗಾದರೂ ಹೋಗಲೇಬೇಕಲ್ಲ. ಅದು ಆ ಇಕ್ಕಟ್ಟಾದ ಕಾಲುವೆಗೆ ಅಲೆಯಾಗಿ ನುಗ್ಗಿ ಸೇತುವೆಯನ್ನು ಜನಸಮೇತ ಕಿತ್ತೊಯ್ದಿತು. 34 ಮಂದಿ ತೀರಿಕೊಂಡರು, ಅವರಲ್ಲಿ ಅದೇ ಹಡಗುಕಟ್ಟೆಯ ಕೆಲಸಗಾರರ ಮನೆಯ ಹೆಂಗಸರು ಮಕ್ಕಳು ಬಹಳ. ಜಯಘೋಷದ ಗದ್ದಲದಲ್ಲಿ ಅವರ ಕೂಗು ಕೇಳಿಸಲೇ ಇಲ್ಲ. ವೇದಿಕೆಯ ಮೇಲಿದ್ದ ಅತಿಥಿಗಳು ಏನೂ ತಿಳಿಯದೆ ಹೊರಟುಹೋದರು. ಆಗ ತಾನೇ ಕಣ್ಣು ಬಿಡುತ್ತಿದ್ದ ಚಲನಚಿತ್ರದ ಕ್ಯಾಮೆರಾ ಕೂಡ ಅಲ್ಲಿತ್ತು. ಬಾಟಲಿ ಮೊದಲ ಪೆಟ್ಟಿಗೇ ಒಡೆದಿದ್ದರೂ ಆ ಅಲೆ ಏಳುತ್ತಿತ್ತು, ಏಕೆಂದರೆ ಅದು ಹಡಗಿನ ತೂಕದಿಂದಲೂ ಕಾಲುವೆಯ ಅಗಲದಿಂದಲೂ ಹುಟ್ಟಿದ್ದು.

ಫುಟ್‌ಬಾಲ್ ಪ್ರಿಯರಿಗೆ ಒಂದು ಸಣ್ಣ ಸಂಗತಿ: ಇದೇ ಥೇಮ್ಸ್ ಐರನ್‌ವರ್ಕ್ಸ್‌ನ ಕೆಲಸಗಾರರಿಗಾಗಿ 1895ರಲ್ಲಿ ಹುಟ್ಟಿದ ತಂಡವೇ 1900ರಲ್ಲಿ ವೆಸ್ಟ್ ಹ್ಯಾಮ್ ಯುನೈಟೆಡ್ ಆಯಿತು. ಅವರ ಲಾಂಛನದಲ್ಲಿ ಅಡ್ಡಡ್ಡವಾಗಿ ಇರುವ ಜೋಡಿ ಸುತ್ತಿಗೆಗಳು ರಿವೆಟ್ ಹೊಡೆಯುವವರ ಸುತ್ತಿಗೆಗಳು.

ಪ್ರಶ್ನೆ: ನಮ್ಮ ವಾಣಿವಿಲಾಸ ಸಾಗರದಂಥ ಒಳನಾಡಿನ ನೀರಿಗೆ ಆ ಕಾಲದಲ್ಲಿ ಉಗಿಹಡಗು ತರಲು ಸಾಧ್ಯವಿತ್ತೇ? (ಹಿರಿಯೂರಿನ ರೈತ)

ಉತ್ತರ: ಆಲ್ಬಿಯನ್ ನೀರಿಗಿಳಿದ 1898ರಲ್ಲೇ ತಮ್ಮ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟೆ ಕಟ್ಟುವ ಕೆಲಸ ಶುರುವಾದದ್ದು; ಮುಗಿದದ್ದು 1907ರಲ್ಲಿ. ಅಲ್ಲಿಗೆ ಯಾರೂ ಉಗಿಹಡಗು ತರಲಿಲ್ಲ. ಆದರೆ ತರುವುದು ಸಾಧ್ಯವಿತ್ತೇ ಎಂದು ಕೇಳಿದರೆ, ಅದಕ್ಕಿಂತ ಎಷ್ಟೋ ಕಠಿಣವಾದದ್ದನ್ನು ಮಾಡಿ ತೋರಿಸಿದವರಿದ್ದಾರೆ.

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ 3,800 ಮೀಟರ್ ಎತ್ತರದಲ್ಲಿ ಟಿಟಿಕಾಕಾ ಸರೋವರವಿದೆ. ಅದಕ್ಕೆಂದು ಪೆರು ದೇಶದ ಸರ್ಕಾರ 1861ರಲ್ಲಿ ಇಂಗ್ಲೆಂಡಿನಿಂದ ಯಾವರಿ, ಯಾಪುರಾ ಎಂಬ ಎರಡು ಕಬ್ಬಿಣದ ಹಡಗುಗಳನ್ನು ಕಟ್ಟಿಸಿತು. ಒಡಲು ಕಟ್ಟಿದ್ದು ಇದೇ ಥೇಮ್ಸ್ ಐರನ್‌ವರ್ಕ್ಸ್. ಬಿಡಿಬಿಡಿಯಾಗಿ ಸಾಗಿಸುವುದಕ್ಕೆಂದೇ ತಯಾರಾದ ಈ ಹಡಗುಗಳು ಎರಡೂವರೆ ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಸಮುದ್ರ ದಾಟಿ ಬಂದವು, ಯಾವ ತುಂಡೂ ಒಂದು ಹೇಸರಗತ್ತೆ ಹೊರಲಾರದಷ್ಟು ಭಾರವಿರಬಾರದೆಂಬುದು ಕರಾರು. ದಡದಿಂದ ಸ್ವಲ್ಪ ದೂರ ರೈಲು, ಆಮೇಲೆ ಮರಳುಗಾಡು, ಕಣಿವೆ, ಹಿಮದ ಹಾದಿಯಲ್ಲಿ ಹೇಸರಗತ್ತೆಗಳ ಬೆನ್ನು. ತುಂಡುಗಳೆಲ್ಲ ಬಂದು ಸೇರಿ, ಮತ್ತೆ ರಿವೆಟ್ ಹೊಡೆದು ಕೂಡಿಸಿ, ಯಾವರಿಯನ್ನು ಸರೋವರಕ್ಕೆ ಇಳಿಸಿದ್ದು 1870ರ ಡಿಸೆಂಬರ್ 25ರಂದು. ಅಲ್ಲಿ ಕಲ್ಲಿದ್ದಲು ಇರಲಿಲ್ಲ, ಸೌದೆಯೂ ಇರಲಿಲ್ಲ. ಬಾಯ್ಲರಿಗೆ ಹಾಕಿದ್ದು ಲಾಮಾ ಎಂಬ ಪ್ರಾಣಿಯ ಒಣಗಿದ ಸಗಣಿ. ಕುಳ್ಳು ಹಾಕಿ ನೀರು ಕಾಯಿಸುವ ಮನೆಗಳಲ್ಲಿ ಬೆಳೆದ ನಮಗೆ ಇದು ಅಷ್ಟೇನೂ ವಿಚಿತ್ರವಲ್ಲ. ಆ ಹಡಗು ಇಂದಿಗೂ ಪುನೋ ಊರಿನ ಬಳಿ ವಸ್ತುಸಂಗ್ರಹಾಲಯವಾಗಿ ಉಳಿದಿದೆ.

ನಮಗೆ ಹತ್ತಿರದ ನಿದರ್ಶನ ಬರ್ಮಾದ್ದು. ಐರಾವತಿ ನದಿಯಲ್ಲಿ ಓಡಿದ ಅನೇಕ ಉಗಿದೋಣಿಗಳನ್ನು ಡೆನ್ನಿ ಕಂಪನಿ ಸ್ಕಾಟ್ಲೆಂಡಿನಲ್ಲಿ ಕಟ್ಟಿ, ಬಿಚ್ಚಿ, ಗುರುತು ಹಾಕಿ ಕಳಿಸಿ, ರಂಗೂನಿನಲ್ಲಿ ಮತ್ತೆ ಕೂಡಿಸಲಾಗುತ್ತಿತ್ತು.

ಪ್ರಶ್ನೆ: ಇಷ್ಟೆಲ್ಲ ಅಪಾಯವಿದ್ದರೆ ಹಡಗನ್ನು ಒಂದು ದೊಡ್ಡ ಗುಂಡಿಯಲ್ಲಿ ಕಟ್ಟಿ, ಆಮೇಲೆ ಗುಂಡಿಗೆ ನೀರು ಬಿಡಬಾರದೇ? (ಜಗಳೂರು, ಏಳನೆಯ ತರಗತಿ)

ಉತ್ತರ: ಶಹಭಾಸ್, ಮರಿ. ದೊಡ್ಡವರು ಕಳಿಸಿದ ಪತ್ರಗಳಲ್ಲಿ ಈ ಪ್ರಶ್ನೆ ಇರಲಿಲ್ಲ. ನೀನು ಹೇಳಿದ ಗುಂಡಿಗೆ ಡ್ರೈ ಡಾಕ್ ಎನ್ನುತ್ತಾರೆ, ಅದು ನಮ್ಮ ದೇಶದಲ್ಲಿ ಬಹಳ ಹಿಂದೆಯೇ ಇತ್ತು. ಮುಂಬೈಯಲ್ಲಿ 1750ರಲ್ಲೇ ಕಲ್ಲಿನ ಡ್ರೈ ಡಾಕ್ ಕಟ್ಟಿದ್ದರು. 1736ರಲ್ಲಿ ಸೂರತ್ತಿನಿಂದ ಅಲ್ಲಿಗೆ ಬಂದ ಲವಜಿ ನಸರ್‌ವಾನ್‌ಜಿ ವಾಡಿಯಾ ಎಂಬ ಪಾರ್ಸಿ ಬಡಗಿಯ ಮನೆತನದವರು ತಲೆಮಾರುಗಳ ಕಾಲ ಅಲ್ಲಿ ಮುಖ್ಯ ನಿರ್ಮಾಪಕರಾಗಿದ್ದು, ಮಲಬಾರಿನ ಮತ್ತು ನಮ್ಮ ಕೆನರಾ ಕಾಡಿನ ತೇಗದಲ್ಲಿ ಬ್ರಿಟಿಷರ ಯುದ್ಧನೌಕೆಗಳನ್ನೂ ಕಟ್ಟಿಕೊಟ್ಟರು. ಹಡಗು ಶುರು ಮಾಡುವಾಗ ಅವರು ಅದರ ಬೆನ್ನೆಲುಬಿಗೆ ಬೆಳ್ಳಿಯ ಮೊಳೆ ಹೊಡೆಯುತ್ತಿದ್ದರು. ಅವರ ಟ್ರಿಂಕೋಮಲೀ ಎಂಬ ಹಡಗು 1817ರಲ್ಲಿ ನೀರಿಗಿಳಿದು, ಈಗಲೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ.

ಹಾಗಾದರೆ ಕ್ಲೈಡ್, ಥೇಮ್ಸ್ ನದಿಗಳ ಹಡಗುಕಟ್ಟೆಯವರು ಏಕೆ ಹಾಗೆ ಮಾಡಲಿಲ್ಲ ಎನ್ನುತ್ತೀಯಾ? ಕಲ್ಲು ಕಟ್ಟಿ, ಬಾಗಿಲಿಟ್ಟು, ನೀರೆತ್ತುವ ಪಂಪು ಕೂರಿಸಿದ ಗುಂಡಿಗೆ ಹಣ ಬಹಳ. ಒಂದು ಹಡಗು ಮುಗಿಯುವವರೆಗೆ ತಿಂಗಳುಗಟ್ಟಲೆ ಅದು ಬೇರೆ ಕೆಲಸಕ್ಕೆ ಸಿಗುವುದಿಲ್ಲ. ಇಳಿಜಾರಿನ ನೆಲ, ಮರ, ಕೊಬ್ಬು ಇವು ಅಗ್ಗ, ಒಂದೇ ದಡದಲ್ಲಿ ಆರೇಳು ಹಡಗುಗಳನ್ನು ಒಟ್ಟಿಗೆ ಕಟ್ಟಬಹುದು. ಆಗ ಜಗತ್ತಿನ ಹಡಗುಗಳಲ್ಲಿ ಮುಕ್ಕಾಲು ಪಾಲು ಬ್ರಿಟನ್ನಿನಲ್ಲೇ ತಯಾರಾಗುತ್ತಿದ್ದವು, ಅವರಿಗೆ ಸಂಖ್ಯೆ ಮುಖ್ಯವಾಗಿತ್ತು. ಈಗ ದೊಡ್ಡ ಹಡಗುಗಳ ಮಟ್ಟಿಗೆ ನಿನ್ನ ಗುಂಡಿಯೇ ಹೆಚ್ಚು ಬಳಕೆಯಲ್ಲಿದೆ. 2013ರ ಆಗಸ್ಟ್ 12ರಂದು ಕೊಚ್ಚಿಯಲ್ಲಿ ನಮ್ಮ ವಿಕ್ರಾಂತ್ ನೌಕೆಯ ಜಲಾವತರಣವಾದದ್ದೂ ಹಾಗೆಯೇ: ತೂಬು ತೆರೆದಂತೆ ಡಾಕಿನೊಳಕ್ಕೆ ನೀರು ಬಿಟ್ಟರು, ಹಡಗು ನಿಂತಲ್ಲೇ ಮೆಲ್ಲಗೆ ಮೇಲೆದ್ದಿತು.